ಹೆಲೆನ್ ಕೆಲರ್ ಹೈಸ್ಕೂಲಿಗೆ ಹೋದ 14 ತಿಂಗಳು

ಫ್ಲಶಿಂಗ್‌ನ ಗಣೇಶ ದೇವಸ್ಥಾನಕ್ಕೆ ಹೋಗಿ, ದರ್ಶನ ಮುಗಿಸಿ, ಅಲ್ಲಿನ ಕ್ಯಾಂಟೀನಿನಲ್ಲಿ ದೋಸೆ ತಿಂದು ಬರುವುದು ನ್ಯೂಯಾರ್ಕ್–ನ್ಯೂಜೆರ್ಸಿ ಕಡೆಯ ಕನ್ನಡ ಕುಟುಂಬಗಳಿಗೆ ಹಳೆಯ ರೂಢಿ. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ, ಅದೇ ಕ್ವೀನ್ಸ್‌ನಲ್ಲಿ ಫಾರೆಸ್ಟ್ ಹಿಲ್ಸ್ ಎಂಬ ಬಡಾವಣೆ ಇದೆ. 1917ರಿಂದ ಸುಮಾರು 20 ವರ್ಷ ಹೆಲೆನ್ ಕೆಲರ್ ವಾಸವಾಗಿದ್ದದ್ದು ಇಲ್ಲಿಯೇ. ಅವರ ಮನೆ ಈಗಿಲ್ಲ. ಆ ಜಾಗದಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಿದೆ. ನಮ್ಮಲ್ಲಿ ಎಷ್ಟೋ ಜನ ಆ ದಾರಿಯಲ್ಲೇ ಓಡಾಡುತ್ತೇವೆ, ಆದರೆ ಇದು ಅವರ ಊರೆಂದು ತಿಳಿದಿರುವುದಿಲ್ಲ.

ಹೆಲೆನ್ ಕೆಲರ್ ಹೆಸರು ಕರ್ನಾಟಕದ ಓದುಗರಿಗೆ ಹೊಸದೇನಲ್ಲ. ಕಣ್ಣು ಕಾಣದ, ಕಿವಿ ಕೇಳದ ಪುಟ್ಟ ಹುಡುಗಿ, ಬಾವಿಯ ಪಂಪಿನ ಕೆಳಗೆ ಹಿಡಿದ ಕೈ, ಆ ಕೈಯ ಮೇಲೆ ಟೀಚರ್ ಬರೆದ ನೀರು ಎಂಬ ಪದ. ಈ ಕಥೆಯನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಆದರೆ ನಾವು ಕೇಳಿದ ಕಥೆ ಸಾಮಾನ್ಯವಾಗಿ ಪಂಪಿನ ಹತ್ತಿರವೇ ಮುಗಿದುಹೋಗುತ್ತದೆ. ಅಲ್ಲಿಂದ ಒಂಬತ್ತು ವರ್ಷದ ನಂತರ ಆಕೆ ಕಣ್ಣು, ಕಿವಿ ಚೆನ್ನಾಗಿದ್ದ ಹುಡುಗಿಯರ ನಡುವೆ ಮಾಮೂಲಿ ಹೈಸ್ಕೂಲಿನ ತರಗತಿಯಲ್ಲಿ ಕೂತದ್ದು, 14 ತಿಂಗಳಲ್ಲಿ ಅದನ್ನು ಬಿಡಬೇಕಾಗಿ ಬಂದದ್ದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಬೇಕಾದ ಪಾಠ ಇರುವುದು ಆ ಭಾಗದಲ್ಲಿ.

ಟಸ್ಕಂಬಿಯಾದ ಮಗು

ಹೆಲೆನ್ ಹುಟ್ಟಿದ್ದು 1880ರ ಜೂನ್ 27ರಂದು, ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಸಣ್ಣ ಊರಿನಲ್ಲಿ. ತಂದೆ ಆರ್ಥರ್ ಕೆಲರ್ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು, ಆಮೇಲೆ ಊರಿನ ವಾರಪತ್ರಿಕೆಯ ಸಂಪಾದಕರು. ತಾಯಿ ಕೇಟ್. ಮಗು 19 ತಿಂಗಳಿದ್ದಾಗ ವಿಪರೀತ ಜ್ವರ ಬಂತು. ಜೀವ ಉಳಿಯಿತು, ಕಣ್ಣು ಮತ್ತು ಕಿವಿ ಹೋದವು. ಕೇಳಿಸದ ಮಗುವಿಗೆ ಮಾತೂ ಬರಲಿಲ್ಲ. ಮನೆಯವರಿಗೆ ತನ್ನ ಬೇಕು ಬೇಡಗಳನ್ನು ಹೇಳಲು ಆಕೆ ತಾನೇ ಒಂದಷ್ಟು ಸನ್ನೆಗಳನ್ನು ಮಾಡಿಕೊಂಡಿದ್ದಳು. ಅವು ಸಾಲದೇ ಹೋದಾಗ ಒದೆಯುತ್ತಿದ್ದಳು, ಕಿರುಚುತ್ತಿದ್ದಳು.

ಬುದ್ಧಿಯಿಲ್ಲದ ಮಗು, ಎಲ್ಲಾದರೂ ಆಶ್ರಮಕ್ಕೆ ಸೇರಿಸಿಬಿಡಿ ಎಂದ ನೆಂಟರೂ ಇದ್ದರು. ತಾಯಿ ಒಪ್ಪಲಿಲ್ಲ. ಲಾರಾ ಬ್ರಿಜ್‌ಮನ್ ಎಂಬ ಕುರುಡಿ ಮತ್ತು ಕಿವುಡಿಯಾದ ಹುಡುಗಿಗೆ ಬಾಸ್ಟನ್ನಿನ ಪರ್ಕಿನ್ಸ್ ಸಂಸ್ಥೆಯಲ್ಲಿ ಓದು ಕಲಿಸಿದ್ದನ್ನು ಆಕೆ ಚಾರ್ಲ್ಸ್ ಡಿಕನ್ಸ್‌ನ ಅಮೆರಿಕ ಪ್ರವಾಸದ ಪುಸ್ತಕದಲ್ಲಿ ಓದಿದ್ದರು. 1886ರಲ್ಲಿ ಮಗುವನ್ನು ಬಾಲ್ಟಿಮೋರ್‌ನ ಕಣ್ಣಿನ ವೈದ್ಯರ ಬಳಿ ಕರೆದೊಯ್ದರು. ಅವರು ವಾಷಿಂಗ್ಟನ್ನಿನಲ್ಲಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಹತ್ತಿರ ಕಳಿಸಿದರು. ಟೆಲಿಫೋನ್ ಕಂಡುಹಿಡಿದ ಬೆಲ್ ಕಿವುಡ ಮಕ್ಕಳ ಶಿಕ್ಷಕರೂ ಆಗಿದ್ದರು. ಅವರು ತೋರಿಸಿದ ದಾರಿ ಪರ್ಕಿನ್ಸ್‌ನದು.

1887ರ ಮಾರ್ಚ್ 3ರಂದು ಪರ್ಕಿನ್ಸ್‌ನಿಂದ ಟಸ್ಕಂಬಿಯಾಕ್ಕೆ ಬಂದಿಳಿದವರು ಆನಿ ಸಲಿವನ್. ವಯಸ್ಸು ಆಗಿನ್ನೂ 20. ಬಡ ಐರಿಷ್ ವಲಸೆಗಾರರ ಮಗಳು. ಚಿಕ್ಕಂದಿನಲ್ಲೇ ಟ್ರಕೋಮಾ ರೋಗದಿಂದ ಹೆಚ್ಚುಕಡಿಮೆ ಕುರುಡಿಯಾಗಿ, ಅನಾಥಾಲಯದಂಥ ಸರ್ಕಾರಿ ದಾನಶಾಲೆಯಲ್ಲಿ ಬೆಳೆದು, ಪರ್ಕಿನ್ಸ್ ಸೇರಿ, ಶಸ್ತ್ರಚಿಕಿತ್ಸೆಗಳಿಂದ ಒಂದಷ್ಟು ದೃಷ್ಟಿ ಮರಳಿ ಪಡೆದವರು. ತಿಂಗಳಿಗೆ 25 ಡಾಲರ್ ಸಂಬಳದ ಮಾತಾಗಿತ್ತು. ಮಗುವಿನ ಅಂಗೈಯೊಳಗೆ ಬೆರಳುಗಳಿಂದ ಒಂದೊಂದೇ ಅಕ್ಷರದ ಆಕಾರ ಮಾಡಿ ತೋರಿಸುವುದು ಅವರ ವಿಧಾನ. ಒಂದು ತಿಂಗಳಾದ ಮೇಲೆ, ಏಪ್ರಿಲ್ 5ರಂದು, ಪಂಪಿನ ನೀರಿನ ಕೆಳಗೆ ಹೆಲೆನ್‌ಗೆ ಅರ್ಥ ಹೊಳೆಯಿತು. ಅಂಗೈ ಮೇಲಿನ ಗುರುತು ಒಂದು ವಸ್ತುವಿನ ಹೆಸರು, ಹಾಗೂ ಲೋಕದಲ್ಲಿ ಪ್ರತಿಯೊಂದಕ್ಕೂ ಹೀಗೊಂದು ಹೆಸರಿದೆ ಎಂದು. ಅಲ್ಲಿಂದ ಹುಡುಗಿ ಹಿಂತಿರುಗಿ ನೋಡಲಿಲ್ಲ.

ಮ್ಯಾನ್‌ಹಟನ್‌ನಲ್ಲಿ ಎರಡು ವರ್ಷ

1888ರಿಂದ ಆನಿ ಮತ್ತು ಹೆಲೆನ್ ಪರ್ಕಿನ್ಸ್‌ಗೆ ಹೋಗಿಬಂದು ಮಾಡಿದರು. ಉಬ್ಬು ಅಕ್ಷರದ ಪುಸ್ತಕಗಳು ಅಲ್ಲಿ ಸಿಕ್ಕವು. 1890ರಲ್ಲಿ ಹೆಲೆನ್ ಬಾಯಿಬಿಟ್ಟು ಮಾತಾಡುವುದನ್ನೂ ಕಲಿಯತೊಡಗಿದಳು. ಆ ಮಾತು ಹೊರಗಿನವರಿಗೆ ಸುಲಭವಾಗಿ ತಿಳಿಯುವ ಮಟ್ಟಕ್ಕೆ ಕೊನೆಯವರೆಗೂ ಬರಲಿಲ್ಲ.

1894ರ ಅಕ್ಟೋಬರ್‌ನಲ್ಲಿ, 14 ವರ್ಷದ ಹೆಲೆನ್ ನ್ಯೂಯಾರ್ಕ್‌ಗೆ ಬಂದಳು. ಸೇರಿದ್ದು ರೈಟ್–ಹ್ಯೂಮಸನ್ ಎಂಬ ಕಿವುಡ ಮಕ್ಕಳ ಶಾಲೆಗೆ. ಮಾತು ಸುಧಾರಿಸುವುದು, ಇನ್ನೊಬ್ಬರ ತುಟಿಗೆ ಬೆರಳಿಟ್ಟು ಅವರ ಮಾತು ಓದುವುದು ಮುಖ್ಯ ಉದ್ದೇಶ. ಜೊತೆಗೆ ಗಣಿತ, ಭೂಗೋಳ, ಫ್ರೆಂಚ್, ಜರ್ಮನ್. ಇಲ್ಲಿದ್ದ ಎರಡು ವರ್ಷದಲ್ಲಿ ಮಾತು ಅಂದುಕೊಂಡಷ್ಟು ಸುಧಾರಿಸಲಿಲ್ಲ. ಆದರೆ ಊರು ದೊಡ್ಡದು, ಪರಿಚಯಗಳೂ ದೊಡ್ಡವಾದವು. ಲಾರೆನ್ಸ್ ಹಟನ್ ಎಂಬ ಸಾಹಿತಿಯ ಮನೆಯಲ್ಲಿ ಆಕೆಗೆ ಮಾರ್ಕ್ ಟ್ವೇನ್ ಭೇಟಿಯಾಯಿತು. ಆ ಸ್ನೇಹ ಟ್ವೇನ್ ಬದುಕಿರುವವರೆಗೂ ಉಳಿಯಿತು.

ಹುಡುಗಿಯ ತಲೆಯಲ್ಲಿ ಆಗಲೇ ಒಂದು ಹಟ ಕೂತಿತ್ತು. ತಾನು ಕಾಲೇಜಿಗೆ ಹೋಗಬೇಕು, ಅದೂ ಕುರುಡರ, ಕಿವುಡರ ಕಾಲೇಜಿಗಲ್ಲ, ಎಲ್ಲರೂ ಹೋಗುವ ಕಾಲೇಜಿಗೆ. ಅದೂ ಹಾರ್ವರ್ಡ್‌ನ ಪ್ರಾಧ್ಯಾಪಕರು ಹುಡುಗಿಯರಿಗೆ ಪಾಠ ಹೇಳುತ್ತಿದ್ದ ರ‍್ಯಾಡ್‌ಕ್ಲಿಫ್‌ಗೇ.

ಎಲ್ಲರ ಜೊತೆಗಿನ ತರಗತಿ

1896ರ ಅಕ್ಟೋಬರ್‌ನಲ್ಲಿ, 16 ವರ್ಷದ ಹೆಲೆನ್ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಸ್ಕೂಲ್ ಫಾರ್ ಯಂಗ್ ಲೇಡೀಸ್ ಸೇರಿದಳು. ಹುಡುಗಿಯರನ್ನು ರ‍್ಯಾಡ್‌ಕ್ಲಿಫ್ ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಿದ್ದ ಹೈಸ್ಕೂಲು ಅದು. ಅಲ್ಲಿನ ಶಿಕ್ಷಕರಲ್ಲಿ ಯಾರೂ ಕಿವುಡ ಅಥವಾ ಕುರುಡ ಮಕ್ಕಳಿಗೆ ಪಾಠ ಮಾಡಿದವರಲ್ಲ. ಹೆಲೆನ್‌ಗಾಗಿ ಪ್ರತ್ಯೇಕ ತರಗತಿಯೂ ಇರಲಿಲ್ಲ. ಎಲ್ಲರಿಗೂ ಯಾವ ಪಾಠವೋ ಆಕೆಗೂ ಅದೇ.

ಒಳಗೆ ಹೇಗೆ ನಡೆಯುತ್ತಿತ್ತು ಎಂದು ನೋಡಿ. ಪ್ರತಿ ತರಗತಿಯಲ್ಲೂ ಆನಿ ಪಕ್ಕದಲ್ಲಿ ಕೂರಬೇಕು. ಶಿಕ್ಷಕರು ಹೇಳಿದ್ದನ್ನೆಲ್ಲ ಅಂಗೈಯೊಳಗೆ ಅಕ್ಷರ ಅಕ್ಷರವಾಗಿ ಬರೆಯಬೇಕು. ಕೈ ಕೇಳುವ ಕೆಲಸದಲ್ಲಿ ಇರುವುದರಿಂದ ಹೆಲೆನ್‌ಗೆ ನೋಟ್ಸ್ ಬರೆದುಕೊಳ್ಳಲು ಬಿಡುವಿಲ್ಲ. ಮನೆಗೆ ಬಂದ ಮೇಲೆ ನೆನಪಿದ್ದಷ್ಟನ್ನು ಟೈಪ್‌ರೈಟರ್‌ನಲ್ಲಿ ಹೊಡೆದಿಡಬೇಕು. ಪಠ್ಯಪುಸ್ತಕಗಳಲ್ಲಿ ಉಬ್ಬು ಅಕ್ಷರದಲ್ಲಿ ಸಿಗುತ್ತಿದ್ದವು ಕಡಿಮೆ. ಲಂಡನ್ ಮತ್ತು ಫಿಲಡೆಲ್ಫಿಯಾದ ಸ್ನೇಹಿತರು ಮಾಡಿಸಿ ಕಳಿಸುವವರೆಗೆ ಕಾಯಬೇಕು. ಕಾಯಲಾಗದ ಪುಸ್ತಕವನ್ನು ಆನಿ ಓದಿ, ಅಂಗೈಗೆ ದಾಟಿಸಬೇಕು. ಡಿಕ್ಷನರಿಯ ಪದಗಳು, ಅಡಿಟಿಪ್ಪಣಿಗಳು, ಎಲ್ಲವೂ ಆ ಅರೆಗಣ್ಣಿನ ಟೀಚರ್ ಮೂಲಕವೇ ಬರಬೇಕು.

ಇಷ್ಟರ ನಡುವೆಯೂ ಮೊದಲ ವರ್ಷ ಗೆಲುವಿನ ವರ್ಷವೇ ಆಯಿತು. ಕಾರಣಗಳಿದ್ದವು. ಮುಖ್ಯಸ್ಥ ಆರ್ಥರ್ ಗಿಲ್ಮನ್ ಮತ್ತು ಜರ್ಮನ್ ಪಾಠದ ಶಿಕ್ಷಕಿ ಇಬ್ಬರೂ ಬೆರಳಿನ ಅಕ್ಷರಮಾಲೆ ಕಲಿತರು. ಶಿಕ್ಷಕಿಯ ಕೈ ನಿಧಾನ, ಆದರೂ ವಾರಕ್ಕೆರಡು ಬಾರಿ ತಾವೇ ನೇರವಾಗಿ ಹೆಲೆನ್‌ಗೆ ಪಾಠ ಮಾಡಿದರು. ಶಾಲೆಯ ಶಿಕ್ಷಕರಲ್ಲಿ ಬೆರಳಕ್ಷರ ಕಲಿತದ್ದು ಇವರಿಬ್ಬರೇ. ಇನ್ನೊಂದು ಕಡೆ, ಜೀವನದಲ್ಲಿ ಮೊದಲ ಬಾರಿಗೆ ಹೆಲೆನ್‌ಗೆ ತನ್ನ ವಯಸ್ಸಿನ, ಕಣ್ಣು ಕಿವಿ ಇದ್ದ ಗೆಳತಿಯರು ಸಿಕ್ಕರು. ಶಾಲೆಗೆ ಸೇರಿದ ಮನೆಯೊಂದರಲ್ಲಿ ಅವರ ಜೊತೆ ಇದ್ದು, ಆಟವಾಡಿ, ಹಿಮದಲ್ಲಿ ಓಡಾಡಿ, ಪಾಠಗಳ ಬಗ್ಗೆ ಹರಟೆ ಹೊಡೆದಳು. ಕೆಲವು ಹುಡುಗಿಯರು ಆಕೆಯೊಂದಿಗೆ ಮಾತಾಡಲೆಂದೇ ಬೆರಳಕ್ಷರ ಕಲಿತರು. ಕ್ರಿಸ್ಮಸ್ ಹೊತ್ತಿಗೆ ತಾಯಿ ಮತ್ತು ತಂಗಿ ಮಿಲ್‌ಡ್ರೆಡ್ ಬಂದರು, ತಂಗಿಯೂ ಅದೇ ಶಾಲೆಗೆ ಸೇರಿದಳು. ಅಕ್ಕತಂಗಿ ಒಟ್ಟಿಗೆ ಶಾಲೆಗೆ ಹೋಗುವ ಸುಖ ಆಕೆಗೆ ಸಿಕ್ಕಿದ್ದು ಆಗ.

1897ರ ಜೂನ್ ಕೊನೆಯಲ್ಲಿ ರ‍್ಯಾಡ್‌ಕ್ಲಿಫ್‌ನ ಪ್ರಾಥಮಿಕ ಪರೀಕ್ಷೆಗಳು. ಜರ್ಮನ್, ಫ್ರೆಂಚ್, ಲ್ಯಾಟಿನ್, ಇಂಗ್ಲಿಷ್, ಗ್ರೀಕ್ ಮತ್ತು ರೋಮನ್ ಇತಿಹಾಸ, ಒಟ್ಟು 9 ಗಂಟೆಯ ಪರೀಕ್ಷೆ. ಟೈಪ್‌ರೈಟರ್ ಸದ್ದು ಬೇರೆಯವರಿಗೆ ತೊಂದರೆಯಾಗದಿರಲಿ ಎಂದು ಹೆಲೆನ್‌ಗೆ ಬೇರೆ ಕೊಠಡಿ ಕೊಟ್ಟರು. ಗಿಲ್ಮನ್ ತಾವೇ ಪ್ರಶ್ನೆಪತ್ರಿಕೆಯನ್ನು ಅಂಗೈಗೆ ಬರೆದು ತಿಳಿಸಿದರು, ಆಕೆ ಉತ್ತರ ಟೈಪ್ ಮಾಡಿದಳು. ಪ್ರಶ್ನೆಗಳಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ. ಎಲ್ಲ ವಿಷಯದಲ್ಲೂ ಪಾಸು, ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ಆನರ್ಸ್.

ಎರಡನೇ ವರ್ಷದ ಪೆಟ್ಟು

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸುಖಾಂತ್ಯದ ಕಥೆ. ಎರಡನೇ ವರ್ಷ ಹಾಗಾಗಲಿಲ್ಲ. ಈ ಸಲ ಭೌತಶಾಸ್ತ್ರ, ಬೀಜಗಣಿತ, ರೇಖಾಗಣಿತ, ಖಗೋಳ, ಗ್ರೀಕ್ ಮತ್ತು ಲ್ಯಾಟಿನ್. ಬೇಕಾದ ಪುಸ್ತಕಗಳು ವರ್ಷ ಶುರುವಾದರೂ ಉಬ್ಬು ಅಕ್ಷರದಲ್ಲಿ ಬಂದಿರಲಿಲ್ಲ. ಲೆಕ್ಕ ಮಾಡಲು ಬೇಕಾದ ಸಲಕರಣೆಗಳೂ ಬಂದಿರಲಿಲ್ಲ. ತರಗತಿಗಳು ದೊಡ್ಡವು, ಒಬ್ಬಳಿಗಾಗಿ ಶಿಕ್ಷಕರು ಬೇರೆ ಸಮಯ ಕೊಡುವಂತಿರಲಿಲ್ಲ. ಹಲಗೆಯ ಮೇಲೆ ಬರೆದ ತ್ರಿಕೋನ, ವೃತ್ತ ಆಕೆಗೆ ಕಾಣುವಂತಿರಲಿಲ್ಲ. ಮೆತ್ತೆಯ ಮೇಲೆ ನೇರ ತಂತಿ, ಬಾಗಿದ ತಂತಿಗಳನ್ನು ಚುಚ್ಚಿ, ಆಕೃತಿಯನ್ನು ಕೈಯಿಂದ ಸವರಿ ತಿಳಿಯಬೇಕಿತ್ತು. ಯಾವ ಮೂಲೆಗೆ ಯಾವ ಅಕ್ಷರ, ಏನನ್ನು ಸಾಧಿಸಬೇಕು, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳಬೇಕು. ಭಾಷೆಗಳಲ್ಲಿ ಮಿಂಚುತ್ತಿದ್ದ ಹುಡುಗಿ ಗಣಿತದಲ್ಲಿ ಕುಸಿದಳು.

ಸಲಕರಣೆಗಳು ಬಂದ ಮೇಲೆ ಚೇತರಿಕೆ ಕಂಡಿತು. ಅಷ್ಟರಲ್ಲಿ ಗಿಲ್ಮನ್ ಮತ್ತು ಆನಿ ನಡುವೆ ಮನಸ್ತಾಪ ಬೆಳೆದಿತ್ತು. ಹುಡುಗಿ ಬಳಲಿದ್ದಾಳೆ, ಓದಿನ ಹೊರೆ ಇಳಿಸಿ ಇನ್ನಷ್ಟು ವರ್ಷ ತೆಗೆದುಕೊಳ್ಳಲಿ ಎಂಬುದು ಗಿಲ್ಮನ್ ನಿಲುವು. ತನ್ನ ಜೊತೆಯವರೊಂದಿಗೇ ಕಾಲೇಜು ಸೇರಬೇಕೆಂಬುದು ಹೆಲೆನ್ ಆಸೆ. ಜಗಳ ಆನಿಯನ್ನು ಹೆಲೆನ್‌ನಿಂದ ಬೇರ್ಪಡಿಸುವ ಪ್ರಯತ್ನದವರೆಗೂ ಹೋಯಿತು. ಅಲಬಾಮಾದಿಂದ ತಾಯಿ ಓಡಿಬಂದರು. 1897ರ ಡಿಸೆಂಬರ್‌ನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ ಶಾಲೆ ಬಿಡಿಸಿದರು.

ತರಗತಿಯೊಳಗೆ ಕುರ್ಚಿ ಹಾಕಿಕೊಟ್ಟರೆ ಮಗು ತರಗತಿಗೆ ಸೇರಿದಂತಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಎರಡೂ ವರ್ಷ ಹುಡುಗಿ ಅವಳೇ, ಬುದ್ಧಿ ಅದೇ, ಹಟವೂ ಅದೇ. ಪುಸ್ತಕ, ಸಲಕರಣೆ, ಶಿಕ್ಷಕರ ಸಮಯ ಸಿಕ್ಕಾಗ ಆನರ್ಸ್ ಬಂತು. ಅವು ತಪ್ಪಿದಾಗ ಆಕೆಯ ಮಿತಿಯೇ ಇಷ್ಟು ಎನ್ನುವ ಮಾತು ಬಂತು.

ಪರೀಕ್ಷೆಗೆ ಎರಡು ದಿನ ಮುಂಚೆ

ಮುಂದಿನ ಒಂದೂವರೆ ವರ್ಷ ಮರ್ಟನ್ ಕೀತ್ ಎಂಬ ಶಿಕ್ಷಕರಿಂದ ಖಾಸಗಿ ಪಾಠ. ತಪ್ಪಿದ ಕಡೆ ಮತ್ತೆ ಹೇಳುವ ತಾಳ್ಮೆಯಿದ್ದ ಮನುಷ್ಯ. ಗಣಿತವೂ ಒಲಿಯಿತು. 1899ರ ಜೂನ್ 29 ಮತ್ತು 30ರಂದು ಅಂತಿಮ ಪರೀಕ್ಷೆ. ಈ ಸಲ ಪ್ರಶ್ನೆಪತ್ರಿಕೆಯನ್ನು ಅಂಗೈಗೆ ಬರೆದು ಹೇಳಲು ಆನಿಗೂ ಅನುಮತಿ ಇಲ್ಲ, ಗುರುತಿದ್ದ ಇನ್ನಾರಿಗೂ ಇಲ್ಲ. ಪರ್ಕಿನ್ಸ್‌ನ ಅಪರಿಚಿತ ಶಿಕ್ಷಕರೊಬ್ಬರು ಪ್ರಶ್ನೆಗಳನ್ನು ಅಮೆರಿಕನ್ ಬ್ರೈಲ್‌ನಲ್ಲಿ ನಕಲು ಮಾಡಿಕೊಡುವ ಏರ್ಪಾಡು.

ಇದರಲ್ಲಿ ಒಂದು ಎಡವಟ್ಟಿತ್ತು. ಆ ಕಾಲದಲ್ಲಿ ಕುರುಡರ ಲಿಪಿ ಒಂದೇ ಇರಲಿಲ್ಲ. ಇಂಗ್ಲಿಷ್ ಬ್ರೈಲ್ ಒಂದು, ಅಮೆರಿಕನ್ ಬ್ರೈಲ್ ಇನ್ನೊಂದು, ನ್ಯೂಯಾರ್ಕ್ ಪಾಯಿಂಟ್ ಮತ್ತೊಂದು. ಒಂದು ಊರಲ್ಲಿ ಅಚ್ಚಾದ ಪುಸ್ತಕವನ್ನು ಇನ್ನೊಂದು ಊರಿನ ಕುರುಡ ಓದಲಾಗದ ಸ್ಥಿತಿ. ಹೆಲೆನ್ ಎಲ್ಲವನ್ನೂ ಓದಬಲ್ಲಳು. ಆದರೆ ಬೀಜಗಣಿತದ ಚಿಹ್ನೆಗಳನ್ನು ಆಕೆ ಕಲಿತದ್ದು ಇಂಗ್ಲಿಷ್ ಬ್ರೈಲ್‌ನಲ್ಲಿ ಮಾತ್ರ. ಅಮೆರಿಕನ್ ಬ್ರೈಲ್‌ನಲ್ಲಿ ಆ ಚುಕ್ಕಿಗಳೇ ಬೇರೆ. ಅದು ಗೊತ್ತಾದದ್ದು ಪರೀಕ್ಷೆಗೆ ಎರಡು ದಿನ ಮುಂಚೆ. ಹೊಸ ಚಿಹ್ನೆಗಳ ಪಟ್ಟಿ ತರಿಸಿಕೊಂಡು, ಕೂತು ಉರು ಹೊಡೆದು ಪರೀಕ್ಷೆಗೆ ಹೋದಳು. ಬರೆದಿದ್ದು ಸರಿಯಿದೆಯೇ ಎಂದು ಓದಿ ನೋಡಿಕೊಳ್ಳುವಂತಿರಲಿಲ್ಲ, ಟೈಪ್ ಆದ ಕಾಗದ ಆಕೆಗೆ ಬರೀ ನುಣುಪು ಕಾಗದ. ಅಷ್ಟಾಗಿಯೂ ಪಾಸಾದಳು. ಪರೀಕ್ಷಾ ಮಂಡಳಿಯವರು ಕೆಟ್ಟವರೇನಲ್ಲ. ತಮ್ಮ ನಿಯಮದಿಂದ ಪರೀಕ್ಷೆ ಎಷ್ಟು ಕಷ್ಟವಾಯಿತೆಂದು ಅವರಿಗೆ ತಿಳಿದೇ ಇರಲಿಲ್ಲ. ಇಂದಿಗೂ ಅನೇಕ ಶಾಲೆಗಳಲ್ಲಿ ಆಗುವ ಅನ್ಯಾಯ ಇಂಥದ್ದೇ.

ಪದವಿಯ ಹಿಂದಿನ ಕೈಗಳು

1900ರಲ್ಲಿ ರ‍್ಯಾಡ್‌ಕ್ಲಿಫ್. ಮತ್ತೆ ಅದೇ ಅಂಗೈ, ಅದೇ ಆನಿ, ದಿನಕ್ಕೆ ಗಂಟೆಗಟ್ಟಲೆ ಓದು. 1903ರಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ ಆತ್ಮಕಥೆ ಪ್ರಕಟವಾಯಿತು. 1904ರ ಜೂನ್ 28ರಂದು 24ನೇ ವಯಸ್ಸಿನಲ್ಲಿ ಹೆಲೆನ್ ಗೌರವ ಶ್ರೇಣಿಯಲ್ಲಿ ಬಿಎ ಪದವಿ ಪಡೆದರು. ಕುರುಡು ಮತ್ತು ಕಿವುಡು ಎರಡೂ ಇದ್ದ ವ್ಯಕ್ತಿಯೊಬ್ಬರು ಬಿಎ ಪಡೆದದ್ದು ಅದೇ ಮೊದಲು. ಅಷ್ಟೂ ಪುಸ್ತಕಗಳನ್ನು ಓದಿ ಕೈಗೆ ದಾಟಿಸಿದ ಆನಿಗೆ ಯಾವ ಪದವಿಯೂ ಸಿಗಲಿಲ್ಲ. ಆ ಓದಿನಿಂದ ಅವರ ಕಣ್ಣು ಇನ್ನಷ್ಟು ಹದಗೆಟ್ಟಿತು, ಕೊನೆಗಾಲದಲ್ಲಿ ಪೂರ್ತಿ ಹೋಯಿತು.

ಇಷ್ಟಕ್ಕೆಲ್ಲ ಹಣ ಎಲ್ಲಿಂದ ಬಂತು? ಲೆಕ್ಕಪತ್ರ ನೋಡುವ ಕಸುಬಿನವನಾದ್ದರಿಂದ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೆಲೆನ್ ತಂದೆಯ ಕೈ ಖಾಲಿಯಾಗಿ ಆನಿಯ ಸಂಬಳ ನಿಂತೇ ಹೋಗಿತ್ತು. 1896ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಆ ವರ್ಷ ಮಾರ್ಕ್ ಟ್ವೇನ್ ಸ್ವತಃ ದಿವಾಳಿಯೆದ್ದು, ಸಾಲ ತೀರಿಸಲು ನಮ್ಮ ಭಾರತವೂ ಸೇರಿದಂತೆ ದೇಶದೇಶ ಸುತ್ತಿ ಭಾಷಣ ಮಾಡಿ, ಲಂಡನ್‌ಗೆ ಬಂದು ಕೂತಿದ್ದರು. ಅಲ್ಲಿಂದಲೇ ಅವರು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಸಿರಿವಂತ ಹೆನ್ರಿ ರೋಜರ್ಸ್ ಅವರ ಪತ್ನಿಗೆ ಪತ್ರ ಬರೆದು, ಈ ಹುಡುಗಿಯ ಓದು ದುಡ್ಡಿಗಾಗಿ ನಿಲ್ಲಬಾರದು ಎಂದು ಕೇಳಿಕೊಂಡರು. ರೋಜರ್ಸ್ ಒಪ್ಪಿದರು. ಹಟನ್ ಅವರ ಪತ್ನಿ ಒಂದು ನಿಧಿಯನ್ನೇ ಕಟ್ಟಿದರು. ಕಾಲೇಜಿನ ಖರ್ಚು ಸಾಗಿದ್ದು ಹೀಗೆ. ಅಮೆರಿಕದಲ್ಲಿ ಅಂಥ ಮಕ್ಕಳು ಇನ್ನೂ ಎಷ್ಟೋ ಇದ್ದರು. ಆದರೆ ಅವರಿಗೆ ಮಾರ್ಕ್ ಟ್ವೇನ್ ಪರಿಚಯವಿರಲಿಲ್ಲ.

ಫಾರೆಸ್ಟ್ ಹಿಲ್ಸ್ ವರ್ಷಗಳು

ಈ ಸತ್ಯ ಹೆಲೆನ್ ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಪದವಿಯ ನಂತರ ಅವರು ಬಡತನ ಮತ್ತು ಕುರುಡುತನದ ನಂಟನ್ನು ಅರಿಯತೊಡಗಿದರು. ನವಜಾತ ಶಿಶುಗಳ ಕಣ್ಣಿಗೆ ತಗಲುವ ಸೋಂಕನ್ನು ಹುಟ್ಟಿದ ಕೂಡಲೇ ಔಷಧದ ಹನಿ ಹಾಕಿ ತಡೆಯಬಹುದಾಗಿತ್ತು. ಅದು ಲೈಂಗಿಕ ರೋಗದಿಂದ ಬರುವ ಸೋಂಕಾದ್ದರಿಂದ ಅದರ ಬಗ್ಗೆ ಬರೆಯಲು ಪತ್ರಿಕೆಗಳು ನಾಚುತ್ತಿದ್ದವು. 1907ರಲ್ಲಿ ಹೆಲೆನ್ ಹೆಂಗಸರ ಜನಪ್ರಿಯ ಮಾಸಪತ್ರಿಕೆಯಲ್ಲೇ ಬರೆದರು. 1909ರಲ್ಲಿ ಸಮಾಜವಾದಿ ಪಕ್ಷ ಸೇರಿದರು. ಹೆಂಗಸರ ಮತದಾನ, ಕಾರ್ಮಿಕರ ಹಕ್ಕು, ಯುದ್ಧವಿರೋಧ ಎಲ್ಲದರಲ್ಲೂ ಅವರ ದನಿಯಿತ್ತು. ಹೊಗಳುತ್ತಿದ್ದ ಪತ್ರಿಕೆಗಳೇ ಆಗ ಅವರ ಅಂಗವೈಕಲ್ಯವನ್ನು ಎತ್ತಿ ಆಡಿದವು.

ಅದೇ 1909ರಲ್ಲಿ ನ್ಯೂಯಾರ್ಕ್ ನಗರದ ಮುಂದೆ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ ಪ್ರಶ್ನೆ ಬಂತು. ನಗರದ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲೇ ಅಂಧ ಮಕ್ಕಳಿಗೆ ಓದು ಶುರುವಾಗುವುದರಲ್ಲಿತ್ತು. ಅವರಿಗೆ ಯಾವ ಲಿಪಿ? ನ್ಯೂಯಾರ್ಕ್ ಪಾಯಿಂಟ್ ಹುಟ್ಟಿದ್ದೇ ಇಲ್ಲಿ, ನಗರದ ಅಂಧರ ಸಂಸ್ಥೆಯ ಮುಖ್ಯಸ್ಥ ವಿಲಿಯಂ ವೇಟ್ ಅದನ್ನು ರೂಪಿಸಿದವರು. ಅವರ ಪ್ರಭಾವವೂ ದೊಡ್ಡದು. ಶಿಕ್ಷಣ ಮಂಡಳಿ ಬಹಿರಂಗ ವಿಚಾರಣೆ ನಡೆಸಿತು. ಹೆಲೆನ್ ಬ್ರೈಲ್ ಪರವಾಗಿ ಪತ್ರ ಬರೆದರು. ಪರೀಕ್ಷೆಗೆ ಎರಡು ದಿನವಿರುವಾಗ ಹೊಸ ಚುಕ್ಕಿ ಕಲಿತವರಿಗೆ ಲಿಪಿಗಳ ಜಗಳ ಏನೆಂದು ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಮಂಡಳಿ ಅಮೆರಿಕನ್ ಬ್ರೈಲನ್ನು ಆರಿಸಿತು. ಇಂಗ್ಲಿಷ್ ಓದುವ ಎಲ್ಲ ದೇಶಗಳ ಅಂಧರಿಗೆ ಒಂದೇ ಬ್ರೈಲ್ ಎಂಬ ಒಪ್ಪಂದ ಬಂದದ್ದು 1932ರಲ್ಲಿ.

1917ರಲ್ಲಿ ಹೆಲೆನ್, ಆನಿ ಮತ್ತು ಅವರ ಸಹಾಯಕಿ ಪಾಲಿ ಥಾಮ್ಸನ್ ಫಾರೆಸ್ಟ್ ಹಿಲ್ಸ್‌ಗೆ ಬಂದು ನೆಲೆಸಿದರು. ಜೀವನೋಪಾಯಕ್ಕೆ 1920ರಿಂದ ನಾಲ್ಕು ವರ್ಷ ನಾಟಕಶಾಲೆಗಳ ರಂಗದ ಮೇಲೂ ನಿಂತರು. ಹಾಡು, ಕುಣಿತ, ಪ್ರಾಣಿಗಳ ಆಟದ ನಡುವೆ ಇವರದು 20 ನಿಮಿಷದ ಕಾರ್ಯಕ್ರಮ. ಪ್ರಾರಂಭವಾದದ್ದು ಬ್ರಾಂಕ್ಸ್‌ಗೆ ಹೊಂದಿಕೊಂಡಿರುವ ಮೌಂಟ್ ವರ್ನನ್‌ನಲ್ಲಿ. ಇದು ಅವಮಾನ ಎಂದವರಿದ್ದರು, ಹೆಲೆನ್‌ಗೆ ಹಾಗನಿಸಲಿಲ್ಲ. ಬೇಡಿ ತಿನ್ನುವುದಕ್ಕಿಂತ ದುಡಿದು ತಿನ್ನುವುದು ಅವರಿಗೆ ಇಷ್ಟ. 1920ರಲ್ಲೇ ಅಮೆರಿಕದ ನಾಗರಿಕ ಹಕ್ಕುಗಳ ಒಕ್ಕೂಟದ ಸ್ಥಾಪಕರಲ್ಲಿ ಒಬ್ಬರಾದರು. 1924ರಿಂದ ನ್ಯೂಯಾರ್ಕ್‌ನ ಅಮೆರಿಕನ್ ಫೌಂಡೇಶನ್ ಫಾರ್ ದಿ ಬ್ಲೈಂಡ್ ಸಂಸ್ಥೆಗಾಗಿ ಊರೂರು ಸುತ್ತಿ ನಿಧಿ ಎತ್ತಿದರು. ಮುಂದೆ 40 ವರ್ಷ ಅದೇ ಅವರ ಕೆಲಸ. 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಅಂಧರಿಗೆ ನೆರವಿನ ಅಧ್ಯಾಯ ಸೇರಿದ್ದರ ಹಿಂದೆ ಅವರ ಓಡಾಟವೂ ಇತ್ತು.

1936ರ ಅಕ್ಟೋಬರ್ 20ರಂದು ಫಾರೆಸ್ಟ್ ಹಿಲ್ಸ್ ಮನೆಯಲ್ಲಿ ಆನಿ ತೀರಿಕೊಂಡರು. 49 ವರ್ಷ ಹೆಲೆನ್‌ರ ಕಣ್ಣು ಕಿವಿಯಾಗಿದ್ದ ಜೀವ. ಆಮೇಲೆ ಹೆಲೆನ್ ಪಾಲಿಯೊಂದಿಗೆ ಕನೆಕ್ಟಿಕಟ್‌ಗೆ ಮನೆ ಬದಲಿಸಿದರು. ಎರಡನೇ ಮಹಾಯುದ್ಧದ ನಂತರ 30ಕ್ಕೂ ಹೆಚ್ಚು ದೇಶ ಸುತ್ತಿದರು. 1955ರಲ್ಲಿ, 74ರ ವಯಸ್ಸಿನಲ್ಲಿ ಭಾರತಕ್ಕೂ ಬಂದು ನೆಹರೂ ಅವರನ್ನು ಭೇಟಿಯಾದರು. ದೆಹಲಿ ವಿಶ್ವವಿದ್ಯಾಲಯ ಗೌರವ ಪದವಿ ನೀಡಿತು. 1968ರ ಜೂನ್ 1ರಂದು ನಿದ್ದೆಯಲ್ಲೇ ಕೊನೆಯುಸಿರು. ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಆನಿ ಮತ್ತು ಪಾಲಿಯ ಪಕ್ಕದಲ್ಲೇ ಅವರ ಬೂದಿಯನ್ನಿಡಲಾಗಿದೆ.

ಒಂದು ಕಪ್ಪು ಚುಕ್ಕೆ

ಜೀವನಚರಿತ್ರೆ ಬರೆಯುವಾಗ ಜಮಾ ಕಾಲಂ ಮಾತ್ರ ಬರೆದು ಖರ್ಚಿನ ಕಾಲಂ ಮುಚ್ಚಿಡಬಾರದು. 1915ರಲ್ಲಿ ಚಿಕಾಗೋದ ವೈದ್ಯರೊಬ್ಬರು ಅಂಗವೈಕಲ್ಯದೊಂದಿಗೆ ಹುಟ್ಟಿದ ಶಿಶುವಿಗೆ ಜೀವ ಉಳಿಸುವ ಶಸ್ತ್ರಚಿಕಿತ್ಸೆ ಮಾಡಲು ನಿರಾಕರಿಸಿದರು, ಶಿಶು ಸತ್ತಿತು. ಹೆಲೆನ್ ಆ ವೈದ್ಯರ ಪರ ನಿಂತರು. ಇಂಥ ಮಕ್ಕಳ ವಿಷಯದಲ್ಲಿ ವೈದ್ಯರ ಮಂಡಳಿ ತೀರ್ಮಾನಿಸಲಿ ಎಂದು ಪತ್ರಿಕೆಗೆ ಬರೆದರು. ಬುದ್ಧಿ ಬೆಳೆಯದ ಮಗುವಿನ ಬಾಳು ಬಾಳಲ್ಲ ಎಂಬ ಆ ಕಾಲದ ಗಾಳಿ ಅವರನ್ನೂ ತಾಕಿತ್ತು. ಆರು ವರ್ಷದ ತನ್ನನ್ನೂ ಜನ ಬುದ್ಧಿಯಿಲ್ಲದವಳೆಂದೇ ಅಳೆದಿದ್ದರು ಎಂಬುದು ಆ ಹೊತ್ತಿನಲ್ಲಿ ಅವರಿಗೆ ನೆನಪಾಗಲಿಲ್ಲ. ಓದಬಲ್ಲ ಮಗುವಿಗೆ ತರಗತಿ, ಉಳಿದವರಿಗೆ ಬಾಗಿಲು ಎಂಬ ತಪ್ಪು ಹೆಲೆನ್ ಅಂಥವರಿಂದಲೂ ಆಗುವುದಾದರೆ, ನಾವು ಇನ್ನಷ್ಟು ಎಚ್ಚರದಿಂದಿರಬೇಕು.

ಲೆಕ್ಕ ಯಾರ ಖಾತೆಗೆ?

ಹೆಲೆನ್ ತೀರಿಕೊಂಡ ಏಳು ವರ್ಷಕ್ಕೆ, 1975ರ ನವೆಂಬರ್ 29ರಂದು ಅಧ್ಯಕ್ಷ ಫೋರ್ಡ್ ಒಂದು ಕಾಯ್ದೆಗೆ ಸಹಿ ಹಾಕಿದರು. ಇಂದು ಐಡಿಇಎ ಎಂದು ಕರೆಯುವ ಕಾನೂನು ಅದು. ಅಂಗವೈಕಲ್ಯ ಇರುವ ಪ್ರತಿ ಮಗುವಿಗೂ ಉಚಿತವಾಗಿ, ಆ ಮಗುವಿಗೆ ತಕ್ಕ ಸಾರ್ವಜನಿಕ ಶಿಕ್ಷಣ, ಸಾಧ್ಯವಿದ್ದಷ್ಟೂ ಉಳಿದ ಮಕ್ಕಳ ಜೊತೆಯಲ್ಲೇ. ಪ್ರತಿ ಮಗುವಿಗೂ ಐಇಪಿ ಎಂಬ ಲಿಖಿತ ಯೋಜನೆ. ಅದರಲ್ಲಿ ಏನೇನಿರುತ್ತದೆ ನೋಡಿ. ಮಗುವಿಗೆ ಓದಲಾಗುವ ರೂಪದಲ್ಲಿ ಪುಸ್ತಕ, ಪಕ್ಕದಲ್ಲಿ ಸಹಾಯಕರು, ಬೇಕಾದ ಸಲಕರಣೆ, ಪರೀಕ್ಷೆಗೆ ಬೇರೆ ಕೊಠಡಿ, ಹೆಚ್ಚಿನ ಸಮಯ. 1896ರಲ್ಲಿ ಹೆಲೆನ್‌ಗೆ ಬೇಕಾಗಿದ್ದ ಪಟ್ಟಿಯೇ ಅದು. ವ್ಯತ್ಯಾಸವೆಂದರೆ ಅಂದು ಖರ್ಚು ರೋಜರ್ಸ್ ಅವರ ದಾನದ ಖಾತೆಗೂ ಆನಿಯ ಕಣ್ಣಿನ ಖಾತೆಗೂ ಹೋಗಿತ್ತು. ಇಂದು ಅದು ಶಾಲಾ ಮಂಡಳಿಯ ಖಾತೆಗೆ ಹೋಗಬೇಕು. ನ್ಯೂಜೆರ್ಸಿಯ ಕ್ಲೆಮೆಂಟನ್ ಶಾಲಾ ಮಂಡಳಿ ವಿರುದ್ಧದ ಪ್ರಕರಣದಲ್ಲಿ 1993ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದನ್ನು ಇನ್ನೂ ಬಿಗಿ ಮಾಡಿತು. ಡೌನ್ ಸಿಂಡ್ರೋಮ್ ಇದ್ದ ಬಾಲಕನ ವಿಷಯ ಅದು. ಮಗುವನ್ನು ಬೇರೆ ತರಗತಿಗೆ ಕಳಿಸುವ ಮೊದಲು, ಸಾಮಾನ್ಯ ತರಗತಿಯಲ್ಲೇ ಬೇಕಾದ ನೆರವು ಕೊಟ್ಟು ಓದಿಸಲು ನಿಜವಾಗಿ ಪ್ರಯತ್ನಿಸಿದ್ದೀರಾ ಎಂಬುದನ್ನು ನೋಡಬೇಕು ಎಂದಿತು.

ಪ್ರತಿ ವರ್ಷ ಮಾರ್ಚ್–ಏಪ್ರಿಲ್‌ನಲ್ಲಿ ತೆರಿಗೆ ಲೆಕ್ಕಕ್ಕೆಂದು ನನ್ನ ಮೇಜಿನ ಮುಂದೆ ಕೂರುವ ನಮ್ಮವರಲ್ಲಿ ಕೆಲವರು ಬಿಲ್ಲುಗಳ ಕಟ್ಟು ತರುತ್ತಾರೆ. ಮಾತಿನ ತರಬೇತಿ, ಖಾಸಗಿ ಟ್ಯೂಷನ್, ಥೆರಪಿ. ಶಾಲೆಯಲ್ಲಿ ಕೇಳಿದ್ದೀರಾ ಎಂದರೆ ತಲೆ ತಗ್ಗಿಸುತ್ತಾರೆ. ಮಗುವಿಗೆ ಹಣೆಪಟ್ಟಿ ಬೀಳುತ್ತದೆ, ಕನ್ನಡ ಕೂಟದಲ್ಲಿ ಸುದ್ದಿಯಾಗುತ್ತದೆ, ವೀಸಾಕ್ಕೆ ತೊಂದರೆಯಾದರೆ ಎಂಬ ಭಯ. ನಿಜ ಏನೆಂದರೆ, ಸರ್ಕಾರಿ ಶಾಲೆಯಲ್ಲಿ ಓದುವ ಮಗುವಿನ ಈ ಹಕ್ಕು ತಂದೆ ತಾಯಿಯ ವೀಸಾ ನೋಡುವುದಿಲ್ಲ. ನ್ಯೂಜೆರ್ಸಿಯಲ್ಲಿ ಶಾಲೆಯ ಚೈಲ್ಡ್ ಸ್ಟಡಿ ಟೀಮ್‌ಗೆ, ನ್ಯೂಯಾರ್ಕ್‌ನಲ್ಲಿ ವಿಶೇಷ ಶಿಕ್ಷಣ ಸಮಿತಿಗೆ ಒಂದು ಪತ್ರ ಬರೆದು ಮಗುವಿನ ಮೌಲ್ಯಮಾಪನ ಕೇಳಬಹುದು. ಸಭೆಯಲ್ಲಿ ಇಂಗ್ಲಿಷ್ ಕಷ್ಟವಾದರೆ ಕನ್ನಡ ಬಲ್ಲ ದುಭಾಷಿಯನ್ನು ಕೇಳಬಹುದು. ಸಭೆಯಲ್ಲಿ ನಡೆಯುವುದು ಪೋಷಕರಿಗೆ ಅರ್ಥವಾಗುವಂತೆ ಮಾಡುವುದು ಶಾಲೆಯ ಹೊಣೆ.

ಊರಲ್ಲಿರುವ ಓದುಗರಿಗೂ ಈ ಮಾತು ದೂರದ್ದಲ್ಲ. ಹೆಲೆನ್ ಕಾಲೇಜಿನಲ್ಲಿದ್ದ 1901ರಲ್ಲೇ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಗಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಎಷ್ಟು ಅಂಧ ಮಕ್ಕಳಿಗೆ ಬಾಳು ಕೊಟ್ಟಿದೆ ಎಂದು ನಾಡಿಗೇ ಗೊತ್ತು. ಈಗ 2016ರ ಕಾಯ್ದೆ ಅಂಥ ಮಕ್ಕಳಿಗೆ ಎಲ್ಲರ ಜೊತೆ ಓದುವ ಹಕ್ಕನ್ನೂ ಕೊಟ್ಟಿದೆ. ಹಕ್ಕು ಕಾಗದದ ಮೇಲಿದ್ದರೆ ಸಾಲದು. ಶಾಲೆ ತೆರೆಯುವ ದಿನ ಪುಸ್ತಕ ಮಗುವಿನ ಕೈಲಿರಬೇಕು, ಟೀಚರ್‌ಗೆ ಬೆರಳಕ್ಷರ ಬರಬೇಕು.

ಮುಂದಿನ ಸಲ ಫ್ಲಶಿಂಗ್ ಗುಡಿಗೆ ಬಂದವರು ಸಮಯವಿದ್ದರೆ ಫಾರೆಸ್ಟ್ ಹಿಲ್ಸ್ ಕಡೆಗೂ ಒಂದು ಸುತ್ತು ಹಾಕಿ ಬನ್ನಿ. ಮಕ್ಕಳಿಗೆ ಹೆಲೆನ್ ಕಥೆ ಹೇಳುವಾಗ ಪಂಪಿನ ಹತ್ತಿರ ನಿಲ್ಲಿಸಬೇಡಿ. ಅದೇ ಹುಡುಗಿಗೆ ಪುಸ್ತಕ ಸಿಕ್ಕ ವರ್ಷ ಏನಾಯಿತು, ಸಿಗದ ವರ್ಷ ಏನಾಯಿತು ಎಂಬುದನ್ನೂ ಹೇಳಿ.